ಕನ್ನಡ ಅಂದ್ರೆ ಕೆನಡಾ ಅಲ್ಲ: ಕೀವರ್ಡ್, ಮ್ಯಾಚ್ ಟೈಪ್ ಮತ್ತು ನಮ್ಮ 5,000 ಶಿಲಿಂಗ್



ನೈರೋಬಿಯಲ್ಲಿ ನಮ್ಮ ಸಂಘ ಮಕ್ಕಳಿಗಾಗಿ ಶನಿವಾರದ ಕನ್ನಡ ತರಗತಿ ಶುರು ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಒಂದು ರೂಮು ಸಿಕ್ಕಿತು. ಕಲಿಸೋಕೆ ಇಬ್ಬರು ಆಂಟಿಯರು ಒಪ್ಪಿಕೊಂಡರು. ಊರಿಂದ ಬರುವವರ ಸೂಟ್‌ಕೇಸ್‌ನಲ್ಲಿ ಒಂದನೇ ಕ್ಲಾಸಿನ ಪುಸ್ತಕಗಳೂ ಬಂದವು. ಇನ್ನು ಬರಬೇಕಾಗಿದ್ದು ಮಕ್ಕಳು ಮಾತ್ರ.

ವಾಟ್ಸಾಪ್ ಗುಂಪಿನಲ್ಲಿ ಹಾಕಿದೆವು, ಆರು ಮಕ್ಕಳು ಸೇರಿದರು. ಆದರೆ ಆ ಗುಂಪಿನಲ್ಲಿ ಇರೋರೆಲ್ಲ ನಮಗೆ ಮೊದಲೇ ಗೊತ್ತಿರೋರು. ಎರಡು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಬಂದು, ಆಫೀಸು ಮನೆ ಅಂತ ಓಡಾಡಿಕೊಂಡು, ಊರಲ್ಲಿ ಇನ್ಯಾರು ಕನ್ನಡದವರಿದ್ದಾರೆ ಅಂತಲೇ ಗೊತ್ತಿಲ್ಲದ ಮನೆಗಳನ್ನು ತಲುಪೋದು ಹೇಗೆ? "ಗೂಗಲ್‌ನಲ್ಲಿ ಆ್ಯಡ್ ಹಾಕೋಣ" ಅಂತ ನಾವೇ ಹೇಳಿದೆವು. ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಮಾಡ್ತಿರೋ ನಮಗೆ ಇದೆಷ್ಟರ ಕೆಲಸ ಅನ್ನೋ ಧೈರ್ಯ. ಖಜಾಂಚಿ 5,000 ಶಿಲಿಂಗ್ ಕೊಟ್ಟರು. "ಇದು ಸಂಕ್ರಾಂತಿಯ ಎಳ್ಳುಬೆಲ್ಲದ ದುಡ್ಡು, ಜೋಪಾನ" ಅಂತ ಒಂದು ಮಾತನ್ನೂ ಸೇರಿಸಿದರು.

ಮೊದಲ ವಾರಾಂತ್ಯದಲ್ಲೇ ಫೋನ್ ಬರೋಕೆ ಶುರುವಾಯಿತು. ನಮಗೆ ಖುಷಿಯೋ ಖುಷಿ. ಮೊದಲ ಕರೆ: "ನಿಮ್ಮ ಕ್ಲಾಸ್ ಸೇರಿದರೆ ವೀಸಾ ನೀವೇ ಮಾಡಿಸಿಕೊಡ್ತೀರಾ?" ಎರಡನೆಯದು: "ಟೊರಾಂಟೊದಲ್ಲಿ ಕೆಲಸ ಸಿಗತ್ತಾ?" ಮೂರನೇ ಕರೆಗೆ ನಮಗೆ ಅರ್ಥವಾಯಿತು. ನಾವು ಕನ್ನಡ ಅಂತ ಹಾಕಿದ ಜಾಹೀರಾತು ಕೆನಡಾಕ್ಕೆ ಹೊರಟವರ ಕಣ್ಣಿಗೆ ಬೀಳುತ್ತಿತ್ತು.

ಹೊರದೇಶದಲ್ಲಿರೋ ಯಾವ ಕನ್ನಡದವರಿಗೂ ಈ ತಮಾಷೆ ಹೊಸದಲ್ಲ. "ನೀವು ಮಾತಾಡೋ ಭಾಷೆ ಯಾವುದು?" "ಕನ್ನಡ." "ಓ, ಕೆನಡಾ!" ನಾವೆಲ್ಲ ನಕ್ಕು ಸುಮ್ಮನಾಗಿರ್ತೀವಿ. ಈ ಸಲ ಆ ನಗುವಿಗೆ ಸಂಘದ ದುಡ್ಡು ಹೋಗುತ್ತಿತ್ತು. ತಪ್ಪು ಯಾರದ್ದೂ ಅಲ್ಲ, ನಮ್ಮದೇ. ಆಯ್ಕೆ ಮಾಡುವ ಜಾಗದಲ್ಲಿ ನಾವು ಏನನ್ನೂ ಓದದೆ ಮುಂದೆ ಹೋಗಿದ್ದೆವು. ಆಮೇಲೆ ಕೂತು ಓದಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಊರಿನ ಸಂಘ ರಾಜ್ಯೋತ್ಸವಕ್ಕೋ, ಕನ್ನಡ ತರಗತಿಗೋ, ಯಾರೋ ಅಕ್ಕ ಮನೆಯಲ್ಲಿ ಶುರು ಮಾಡಿದ ಊಟದ ಡಬ್ಬಿಗೋ ಆ್ಯಡ್ ಹಾಕಬೇಕಾದಾಗ ಉಪಯೋಗವಾಗಲಿ ಅಂತ.

ಒಂದು ಸೂಚನೆ: ಕೀವರ್ಡ್‌ಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲಿದ್ದವು ಅಂದುಕೊಳ್ಳಿ.

ದುಡ್ಡು ಹೋಗೋದು ಯಾವಾಗ?

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಫಲಿತಾಂಶಗಳ ಜೊತೆ "ಪ್ರಾಯೋಜಿತ" ಅಂತ ಕೆಲವು ಬರುತ್ತವಲ್ಲ, ಅವೇ ಸರ್ಚ್ ಜಾಹೀರಾತುಗಳು. ಹುಡುಕುವ ಪದಗಳನ್ನು ಹರಾಜಿಗೆ ಇಡುವ ಈ ಯೋಚನೆಯನ್ನು 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಅನ್ನುವ ಕಂಪನಿ ವ್ಯಾಪಾರವಾಗಿ ಮಾಡಿ ತೋರಿಸಿತು. ಗೂಗಲ್ 2000ದ ಅಕ್ಟೋಬರ್‌ನಲ್ಲಿ ಆ್ಯಡ್‌ವರ್ಡ್ಸ್ ಶುರು ಮಾಡಿತು. 2018ರಲ್ಲಿ ಅದರ ಹೆಸರು ಗೂಗಲ್ ಆ್ಯಡ್ಸ್ ಅಂತ ಬದಲಾಯಿತು.

ಪ್ರತಿ ಹುಡುಕಾಟಕ್ಕೂ ಆ ಕ್ಷಣದಲ್ಲೇ ಒಂದು ಹರಾಜು ನಡೆಯುತ್ತದೆ. ಯಾರು ಎಷ್ಟು ಕೊಡಲು ತಯಾರಿದ್ದಾರೆ, ಅವರ ಜಾಹೀರಾತು ಹುಡುಕಿದ ವಿಷಯಕ್ಕೆ ಎಷ್ಟು ಹತ್ತಿರ, ಒತ್ತಿದರೆ ತೆರೆಯುವ ಪುಟ ಹೇಗಿದೆ, ಇವೆಲ್ಲ ಸೇರಿ ಯಾರ ಜಾಹೀರಾತು ಮೇಲೆ ಬರಬೇಕು ಅಂತ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಜಾಹೀರಾತು ಕಾಣಿಸಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ, ಯಾರಾದರೂ ಕ್ಲಿಕ್ ಮಾಡಿದರೆ ಹೋಗುತ್ತದೆ. ಅಂದರೆ ಕೆನಡಾ ವೀಸಾ ಹುಡುಕುವವರು ನಮ್ಮ ಜಾಹೀರಾತನ್ನು ನೋಡಿ ಬಿಟ್ಟರೆ ನಷ್ಟವಿಲ್ಲ. ಒತ್ತಿ, ಒಳಗೆ ಬಂದು, ಅ ಆ ಇ ಈ ನೋಡಿ ಗಾಬರಿಯಾಗಿ ವಾಪಸ್ ಹೋದರೆ ಒಂದು ಕ್ಲಿಕ್ಕಿನ ದುಡ್ಡು ಹೋದ ಹಾಗೆ.

ಬಜೆಟ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ದಿನಕ್ಕೆ 100 ಶಿಲಿಂಗ್ ಅಂತ ನೀವು ಹಾಕಿದರೆ ಅದು ಸರಾಸರಿ. ಒಂದು ದಿನ 200ರವರೆಗೂ ಖರ್ಚಾಗಬಹುದು, ಇನ್ನೊಂದು ದಿನ 40 ಆಗಬಹುದು. ತಿಂಗಳಿಗೆ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟು ದಾಟುವುದಿಲ್ಲ. ಮೊದಲ ದಿನ ಎರಡರಷ್ಟು ಹೋದದ್ದನ್ನು ನೋಡಿ ನಮ್ಮ ಖಜಾಂಚಿಯ ಮುಖ ಹೇಗಾಯಿತು ಅಂತ ಬರೆಯೋದು ಬೇಡ.

ಕೀವರ್ಡ್ ಬೇರೆ, ಜನ ಟೈಪ್ ಮಾಡೋದು ಬೇರೆ

ನಮಗೆ ಅರ್ಥವಾಗದೇ ಇದ್ದದ್ದು ಇದೇ. ಕೀವರ್ಡ್ ಅಂದರೆ ನಾವು ಖಾತೆಯಲ್ಲಿ ಬರೆದಿಡುವ ಪದ. ಸರ್ಚ್ ಟರ್ಮ್ ಅಂದರೆ ಆ ಕಡೆ ಕೂತವರು ನಿಜವಾಗಿ ಟೈಪ್ ಮಾಡುವ ಮಾತು. ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೆವು. ಇವೆರಡರ ನಡುವೆ ಎಷ್ಟು ದೂರ ಇರಬಹುದು ಅಂತ ಹೇಳೋದೇ ಮ್ಯಾಚ್ ಟೈಪ್.

ತಮ್ಮನ ಕೈಗೆ ದುಡ್ಡು ಕೊಟ್ಟು ಅಂಗಡಿಗೆ ಕಳಿಸಿದ್ದು ನೆನಪಿಸಿಕೊಳ್ಳಿ.

"ಸೋನಾ ಮಸೂರಿ ಅಕ್ಕಿನೇ ತಾ, ಇಲ್ಲಾಂದ್ರೆ ಬೇಡ" ಅಂತ ಕಳಿಸಿದರೆ ಅದು ಎಕ್ಸಾಕ್ಟ್ ಮ್ಯಾಚ್. ಇಲ್ಲದಿದ್ದರೆ ಬರಿಗೈಲಿ ಬರ್ತಾನೆ, ದುಡ್ಡು ಉಳಿಯತ್ತೆ.

"ಸೋನಾ ಮಸೂರಿ ತಾ, ಹೊಸದೋ ಹಳೇದೋ, ಐದು ಕೆಜಿಯೋ ಹತ್ತು ಕೆಜಿಯೋ, ಇದ್ದಿದ್ದು ತಾ" ಅಂದರೆ ಅದು ಫ್ರೇಸ್ ಮ್ಯಾಚ್. ಮುಖ್ಯ ವಿಷಯ ಬದಲಾಗಲ್ಲ, ಹಿಂದೆ ಮುಂದೆ ಏನಾದರೂ ಸೇರಬಹುದು.

"ಅನ್ನಕ್ಕೆ ಏನಾದ್ರೂ ತಾ" ಅಂದರೆ ಅದು ಬ್ರಾಡ್ ಮ್ಯಾಚ್. ಬಾಸ್ಮತಿ ತರಬಹುದು, ಅವಲಕ್ಕಿ ತರಬಹುದು, ಬುದ್ಧಿವಂತ ತಮ್ಮನಾದರೆ ಪಕ್ಕದ ಹೋಟೆಲಿಂದ ಪಲಾವನ್ನೇ ಕಟ್ಟಿಸಿಕೊಂಡು ಬರಬಹುದು. ಅವನ ಪ್ರಕಾರ ಅವನು ಹೇಳಿದ್ದನ್ನೇ ಮಾಡಿದ್ದಾನೆ.

ಈಗ ಖಾತೆಯಲ್ಲಿ ಇದನ್ನು ಬರೆಯುವ ರೀತಿ. ಕೀವರ್ಡನ್ನು ಚೌಕ ಆವರಣದಲ್ಲಿ ಹಾಕಿದರೆ ಎಕ್ಸಾಕ್ಟ್: [ಕನ್ನಡ ಕ್ಲಾಸಸ್ ನೈರೋಬಿ]. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್: "ಕನ್ನಡ ಕ್ಲಾಸಸ್". ಏನೂ ಚಿಹ್ನೆ ಇಲ್ಲದೆ ಸುಮ್ಮನೆ ಬರೆದರೆ ಬ್ರಾಡ್. ನಾವು ಸುಮ್ಮನೆ ಬರೆದಿದ್ದೆವು. ಹಾಗಾಗಿ ಪಲಾವ್ ಬಂತು.

ಎಕ್ಸಾಕ್ಟ್ ಕೂಡ ಅಷ್ಟೊಂದು ಎಕ್ಸಾಕ್ಟ್ ಅಲ್ಲ

ಎಕ್ಸಾಕ್ಟ್ ಅಂದರೆ ಅಕ್ಷರಕ್ಕೆ ಅಕ್ಷರ ಅಂತ ತಿಳಿಯಬೇಡಿ. ಮೊದಲು ಹೆಚ್ಚೂಕಡಿಮೆ ಹಾಗೇ ಇತ್ತು. 2012ರಲ್ಲಿ ಏಕವಚನ ಬಹುವಚನ, ಕಾಗುಣಿತದ ತಪ್ಪು ಇಂಥವೂ ಹೊಂದುವ ವ್ಯವಸ್ಥೆ ಬಂತು, ಬೇಡವಾದರೆ ತೆಗೆಯಬಹುದಿತ್ತು. 2014ರಲ್ಲಿ ಆ ಬೇಡ ಅನ್ನುವ ಆಯ್ಕೆ ಹೋಯಿತು. 2017ರಲ್ಲಿ ಪದಗಳ ಕ್ರಮ ಬದಲಾದರೂ, ನಡುವಿನ ಸಣ್ಣಪುಟ್ಟ ಪದಗಳು ಬಿಟ್ಟುಹೋದರೂ ಹೊಂದಬಹುದು ಅಂತಾಯಿತು. 2018ರಿಂದ ಪದ ಬೇರೆಯಾದರೂ ಅರ್ಥ ಒಂದೇ ಇದ್ದರೆ ಸಾಕು. ಇವನ್ನೆಲ್ಲ ಒಟ್ಟಾಗಿ ಕ್ಲೋಸ್ ವೇರಿಯಂಟ್ ಅನ್ನುತ್ತಾರೆ. [ಕನ್ನಡ ಕ್ಲಾಸಸ್ ನೈರೋಬಿ] ಅಂತ ಹಾಕಿದರೆ 'ನೈರೋಬಿ ಕನ್ನಡ ಕ್ಲಾಸ್' ಅಂತ ಹುಡುಕಿದವರಿಗೂ ಕಾಣಬಹುದು. ಇದು ಒಳ್ಳೆಯದೇ.

ಫ್ರೇಸ್ ಮ್ಯಾಚ್ ಕೂಡ ಬದಲಾಗಿದೆ. ಹಿಂದೆ 'ಮಾಡಿಫೈಡ್ ಬ್ರಾಡ್' ಅಂತ ನಾಲ್ಕನೆಯದೊಂದಿತ್ತು, ಪದದ ಮುಂದೆ ಪ್ಲಸ್ ಚಿಹ್ನೆ ಹಾಕುತ್ತಿದ್ದರು. 2021ರಲ್ಲಿ ಅದನ್ನು ಫ್ರೇಸ್ ಒಳಗೇ ಸೇರಿಸಿಬಿಟ್ಟರು. ಹಾಗಾಗಿ ಹಳೆಯ ಪಾಠ ಓದಿ ಪ್ಲಸ್ ಹಾಕುತ್ತಾ ಕೂರಬೇಡಿ. ಈಗ ಫ್ರೇಸ್ ಅಂದರೆ ನಮ್ಮ ಕೀವರ್ಡಿನ ಅರ್ಥ ಆ ಹುಡುಕಾಟದ ಒಳಗೆ ಇರಬೇಕು ಅಂತ. "ಕನ್ನಡ ಕ್ಲಾಸಸ್" ಅನ್ನುವುದಕ್ಕೆ 'ಮಕ್ಕಳಿಗೆ ಶನಿವಾರ ಕನ್ನಡ ಕ್ಲಾಸ್' ಹೊಂದಬಹುದು.

ಬ್ರಾಡ್ ಇವೆರಡಕ್ಕಿಂತ ಬೇರೆ ಜಾತಿ. ಕೀವರ್ಡಿನ ಜೊತೆ ಸಂಬಂಧ ಇದೆ ಅನ್ನಿಸಿದರೆ ಸಾಕು, ಆ ಪದ ಹುಡುಕಾಟದಲ್ಲಿ ಇರಲೇಬೇಕು ಅಂತಿಲ್ಲ. ಹುಡುಕುವವರು ಸ್ವಲ್ಪ ಹೊತ್ತಿನ ಮುಂಚೆ ಏನು ಹುಡುಕಿದ್ದರು, ನಮ್ಮ ಪುಟದಲ್ಲಿ ಏನಿದೆ, ಅದೇ ಗುಂಪಿನಲ್ಲಿ ಬೇರೆ ಯಾವ ಕೀವರ್ಡ್‌ಗಳಿವೆ, ಇವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ದೊಡ್ಡ ಕಂಪನಿಗಳಿಗೆ ಇದು ಲಾಭ ತರಬಹುದು: ಸಾವಿರಾರು ಕ್ಲಿಕ್ ಬಂದಾಗ ಯಾವುದು ಕೆಲಸಕ್ಕೆ ಬಂತು ಅಂತ ಯಂತ್ರ ಕಲಿತುಕೊಳ್ಳುತ್ತೆ. ನಮ್ಮ 5,000 ಶಿಲಿಂಗ್‌ನಲ್ಲಿ ಅದು ಕಲಿಯುವ ಹೊತ್ತಿಗೆ ದುಡ್ಡು ಮುಗಿದಿರುತ್ತೆ.

ನಮ್ಮ ಭಾಷೆಯ ಹೆಸರಿಗೆ ಇನ್ನೊಂದು ಸಂಕಟ ಇದೆ. ಇಂಗ್ಲಿಷ್‌ನಲ್ಲಿ ಬರೆದರೆ ಮೊದಲ ಅಕ್ಷರ 'ಕೆ', ನಡುವೆ 'ಎನ್' ಎರಡು. ಆ ದೇಶಕ್ಕೆ ಮೊದಲ ಅಕ್ಷರ 'ಸಿ', 'ಎನ್' ಒಂದೇ. ಒಂದು ಅಕ್ಷರ ಬದಲಿಸಿ ಒಂದು ತೆಗೆದರೆ ಭಾಷೆ ಹೋಗಿ ದೇಶ ಬರುತ್ತೆ. ಅದರ ಮೇಲೆ ನೈರೋಬಿಯಂಥ ಊರಲ್ಲಿ ನಮ್ಮ ವಯಸ್ಸಿನವರ ಮಾತಿನಲ್ಲಿ ವಿದೇಶದ ಓದು, ಕೆಲಸ, ವೀಸಾ ದಿನಾ ಬರುವ ವಿಷಯ. ಕನ್ನಡ ಹುಡುಕುವವರು ಬೆರಳೆಣಿಕೆ, ಕೆನಡಾ ಹುಡುಕುವವರು ಲೆಕ್ಕವಿಲ್ಲದಷ್ಟು. ಬಾಗಿಲು ಅಗಲ ತೆಗೆದಿಟ್ಟರೆ ಯಾರು ನುಗ್ಗುತ್ತಾರೆ ಅಂತ ಹೇಳಬೇಕಿಲ್ಲ.

ನೋಡಬೇಕಾದ ಪುಟ: ಸರ್ಚ್ ಟರ್ಮ್ಸ್ ರಿಪೋರ್ಟ್

ಜನ ನಿಜವಾಗಿ ಏನು ಟೈಪ್ ಮಾಡಿ ನಮ್ಮ ಜಾಹೀರಾತಿಗೆ ಬಂದರು ಅನ್ನುವ ಪಟ್ಟಿ ಖಾತೆಯೊಳಗೇ ಇದೆ, ಸರ್ಚ್ ಟರ್ಮ್ಸ್ ರಿಪೋರ್ಟ್ ಅಂತ. ನಾವು ಅದನ್ನು ತೆರೆದಿದ್ದು ಮೂರನೇ ಫೋನ್ ಕರೆಯ ನಂತರ. ಅಲ್ಲಿ ಕೆನಡಾ ವೀಸಾ, ಕೆನಡಾ ಕೆಲಸ, ಐಇಎಲ್‌ಟಿಎಸ್ ಕ್ಲಾಸ್, ಕನ್ನಡ ಸಿನಿಮಾ, ಕನ್ನಡ ಹಾಡು ಡೌನ್‌ಲೋಡ್, ಎಲ್ಲ ಇದ್ದವು. ನಮಗೆ ಬೇಕಾದದ್ದು ಒಂದೂ ಇರಲಿಲ್ಲ.

ಆದರೆ ಈ ಪಟ್ಟಿ ಪೂರ್ತಿ ಅಲ್ಲ ಅನ್ನುವುದು ನೆನಪಿರಲಿ. ಬಳಕೆದಾರರ ಗೋಪ್ಯತೆಗಾಗಿ 2020ರಿಂದ ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಇದರಲ್ಲಿ ತೋರಿಸುವುದನ್ನು ಕಡಿಮೆ ಮಾಡಿದ್ದಾರೆ. ದೊಡ್ಡ ಖಾತೆಗೆ ಇದು ಸಣ್ಣ ಕೊರತೆ. ನಮ್ಮಂಥವರಿಗೆ ಬೇಕಾದ ಹುಡುಕಾಟಗಳೇ ಅಪರೂಪದವು, ಹಾಗಾಗಿ ಮುಖ್ಯವಾದದ್ದೇ ಕಾಣದೆ ಹೋಗಬಹುದು. ಇದರ ಪರಿಹಾರ ಮುಂದೆ ಹೇಳ್ತೀವಿ.

ಬೇಡ ಅನ್ನೋ ಪದಗಳು

ಬೇಡದ ಹುಡುಕಾಟ ತಡೆಯೋಕೆ ಇರೋದು ನೆಗೆಟಿವ್ ಕೀವರ್ಡ್. ತಮ್ಮನಿಗೆ "ಬಾಸ್ಮತಿ ಮಾತ್ರ ತರಬೇಡ" ಅಂತ ಹೇಳಿ ಕಳಿಸಿದ ಹಾಗೆ. ಇದರಲ್ಲೂ ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಇವೆ, ಆದರೆ ನಡವಳಿಕೆ ಬೇರೆ. ನೆಗೆಟಿವ್ ಬ್ರಾಡ್ ಅಂದರೆ ನಾವು ಬರೆದ ಎಲ್ಲ ಪದಗಳೂ ಆ ಹುಡುಕಾಟದಲ್ಲಿದ್ದರೆ, ಯಾವ ಕ್ರಮದಲ್ಲಿದ್ದರೂ, ತಡೆಯುತ್ತದೆ. ಫ್ರೇಸ್ ಆದರೆ ಅದೇ ಕ್ರಮದಲ್ಲಿ ಇರಬೇಕು. ಎಕ್ಸಾಕ್ಟ್ ಆದರೆ ಅಷ್ಟೇ ಇರಬೇಕು, ಹಿಂದೆ ಮುಂದೆ ಇನ್ನೇನೂ ಸೇರಬಾರದು.

ಮುಖ್ಯ ವ್ಯತ್ಯಾಸ: ನೆಗೆಟಿವ್ ಪದಗಳು ತಮ್ಮಷ್ಟಕ್ಕೆ ತಾವೇ ಅರ್ಥ ಹಿಗ್ಗಿಸಿಕೊಳ್ಳುವುದಿಲ್ಲ. 'ಮೂವಿ' ಬೇಡ ಅಂದರೆ 'ಮೂವೀಸ್' ನಿಲ್ಲುವುದಿಲ್ಲ, 'ಫಿಲ್ಮ್' ಅಂತೂ ನಿಲ್ಲುವುದೇ ಇಲ್ಲ. ಒಂದೊಂದನ್ನೂ ಬರೆಯಬೇಕು. 2024ರಿಂದ ಕಾಗುಣಿತದ ತಪ್ಪುಗಳನ್ನು ಮಾತ್ರ ತಾನೇ ಸೇರಿಸಿಕೊಳ್ಳುತ್ತದೆ. ನಾವು ಕೆನಡಾ, ಕೆನಡಿಯನ್, ವೀಸಾ, ಇಮಿಗ್ರೇಷನ್, ಐಇಎಲ್‌ಟಿಎಸ್, ಜಾಬ್, ಜಾಬ್ಸ್, ಸ್ಕಾಲರ್‌ಶಿಪ್, ಮೂವಿ, ಮೂವೀಸ್, ಸಾಂಗ್, ಸಾಂಗ್ಸ್, ಡೌನ್‌ಲೋಡ್, ಮೀನಿಂಗ್ ಇಷ್ಟನ್ನು ಹಾಕಿದೆವು. ಹಾಕಿದ ಮೇಲೆ ಕೆನಡಾವನ್ನು ತಡೆಯಲು ಹೋಗಿ ಕನ್ನಡವೇ ನಿಂತುಹೋಗಿಲ್ಲ ತಾನೇ ಅಂತ ಒಂದು ವಾರ ಕಣ್ಣಿಟ್ಟಿದ್ದೆವು.

ಟೊರಾಂಟೊ, ವ್ಯಾಂಕೂವರ್ ಕಡೆಯ ಗೆಳೆಯರೇ, ಇದನ್ನು ನೀವು ಹಾಗೇ ನಕಲು ಮಾಡಬೇಡಿ! 'ಕನ್ನಡ ಕ್ಲಾಸಸ್ ಇನ್ ಕೆನಡಾ' ಅಂತ ಹುಡುಕುವವರೇ ನಿಮ್ಮ ಜನ. ನಿಮಗೆ ವೀಸಾ, ಇಮಿಗ್ರೇಷನ್ ಇಂಥವು ಮಾತ್ರ ಸಾಕು.

ಜಾಹೀರಾತಿನ ಬರಹವೂ ಜರಡಿಯ ಕೆಲಸ ಮಾಡುತ್ತದೆ. ಇಲ್ಲಿ ಒಂದು ಶೀರ್ಷಿಕೆಗೆ 30 ಅಕ್ಷರ, ವಿವರಣೆಗೆ 90 ಅಕ್ಷರ ಮಾತ್ರ ಜಾಗ. ನಾವು ಮೊದಲು 'ಇಂದೇ ಸೇರಿ' ಅಂತೆಲ್ಲ ಹಾಕಿದ್ದೆವು. ಎರಡನೇ ಸಲ 'ಕರ್ನಾಟಕದ ಭಾಷೆ', 'ಮಕ್ಕಳಿಗೆ, ಶನಿವಾರ, ಪಾರ್ಕ್‌ಲ್ಯಾಂಡ್ಸ್' ಅಂತ ಹಾಕಿದೆವು. ವಿಮಾನ ಹತ್ತುವ ಆಸೆಯಲ್ಲಿರುವವರು ಕರ್ನಾಟಕ ಅಂತ ಓದಿದರೆ ಒತ್ತುವುದಿಲ್ಲ.

ಸರ್ಚ್ ವಾಲ್ಯೂಮ್: ಆ ಅಂಕಿ ಏನು ಹೇಳುತ್ತೆ?

ಇನ್ನು ಎರಡನೇ ಪಾಠ. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಅಂತ ನೋಡೋಕೆ ಕೀವರ್ಡ್ ಪ್ಲಾನರ್ ಅನ್ನುವ ಉಪಕರಣ ಖಾತೆಯೊಳಗೇ ಇದೆ. ಪದ ಹಾಕಿ, ದೇಶ ಅಥವಾ ಊರು ಆರಿಸಿದರೆ ತಿಂಗಳ ಸರಾಸರಿ ಹುಡುಕಾಟ ಎಷ್ಟು ಅಂತ ತೋರಿಸುತ್ತದೆ. ಆ ಅಂಕಿಯನ್ನು ಓದುವಾಗ ನಾಲ್ಕು ವಿಷಯ ಗಮನಿಸಬೇಕು.

ಒಂದು, ಅದು ಹುಡುಕಾಟಗಳ ಲೆಕ್ಕ, ಜನರ ಲೆಕ್ಕ ಅಲ್ಲ. ಒಬ್ಬರೇ ಐದು ಸಲ ಹುಡುಕಿರಬಹುದು.

ಎರಡು, ಅದು ಸಾಮಾನ್ಯವಾಗಿ 12 ತಿಂಗಳ ಸರಾಸರಿ, ಮತ್ತು ಹತ್ತಿರದ ರೂಪಗಳನ್ನೂ ಸೇರಿಸಿ ಸುಮಾರಾಗಿ ಹೇಳಿದ್ದು. ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಕೀನ್ಯಾದ ಶಾಲಾ ವರ್ಷ ಜನವರಿಯಲ್ಲಿ ಶುರು. ಏಪ್ರಿಲ್, ಆಗಸ್ಟ್, ಡಿಸೆಂಬರ್ ಸುತ್ತಮುತ್ತ ರಜೆ. ಮಕ್ಕಳ ತರಗತಿ ಬಗ್ಗೆ ಅಪ್ಪ ಅಮ್ಮ ಯೋಚಿಸುವ ದಿನಗಳು ಬೇರೆ, ರಜೆಗೆ ಊರಿಗೆ ಹೊರಡುವ ದಿನಗಳು ಬೇರೆ.

ಮೂರು, ಹೊಸ ಖಾತೆಗೆ, ಹೆಚ್ಚು ಖರ್ಚು ಮಾಡದ ಖಾತೆಗೆ ನಿಖರ ಅಂಕಿ ತೋರಿಸುವುದಿಲ್ಲ. 10ರಿಂದ 100, 100ರಿಂದ 1,000 ಹೀಗೆ ಅಗಲವಾದ ಅಂತರ ತೋರಿಸುತ್ತದೆ. 12 ಆದರೂ ಅದೇ, 95 ಆದರೂ ಅದೇ.

ನಾಲ್ಕು, ಗೂಗಲ್ ಟ್ರೆಂಡ್ಸ್ ತೋರಿಸುವ 0ಯಿಂದ 100ರ ಅಂಕಿ ಬೇರೆ. ಅದು ಹೋಲಿಕೆ ಮಾತ್ರ. ಅಲ್ಲಿನ 100 ಅಂದರೆ ಆ ಅವಧಿಯ ಅತಿ ಹೆಚ್ಚು ಅಂತ, ನೂರು ಹುಡುಕಾಟ ಅಂತ ಅಲ್ಲ.

ನಾವು [ಕನ್ನಡ ಕ್ಲಾಸಸ್ ನೈರೋಬಿ] ಅಂತ ಹಾಕಿ ನೋಡಿದೆವು. ಅಂಕಿಯ ಜಾಗದಲ್ಲಿ ಒಂದು ಅಡ್ಡಗೆರೆ. ಧೈರ್ಯ ಮಾಡಿ ಖಾತೆಗೆ ಸೇರಿಸಿದರೆ 'ಲೋ ಸರ್ಚ್ ವಾಲ್ಯೂಮ್' ಅಂತ ಬಂತು. ಅಂದರೆ ಈ ಪದವನ್ನು ಹುಡುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಸದ್ಯಕ್ಕೆ ಈ ಕೀವರ್ಡ್ ಕೆಲಸ ಮಾಡುವುದಿಲ್ಲ ಅಂತ. ಹುಡುಕಾಟ ಹೆಚ್ಚಾದರೆ ತಾನೇ ಚಾಲೂ ಆಗುತ್ತದೆ; ಆಗಾಗ ಪರೀಕ್ಷೆ ಮಾಡುತ್ತಿರುತ್ತದೆ. ಅದಕ್ಕೆ ದುಡ್ಡು ಹೋಗುವುದಿಲ್ಲ, ಹಾಗೇ ಬಿಡಬಹುದು.

ಹೀಗೆ ಎರಡು ಕಡೆಯಿಂದಲೂ ಸಿಕ್ಕಿಹಾಕಿಕೊಂಡೆವು. ಬಿಗಿಯಾಗಿ ಹಿಡಿದರೆ ಜಾಹೀರಾತು ಓಡೋದೇ ಇಲ್ಲ. ಸಡಿಲ ಬಿಟ್ಟರೆ ಕೆನಡಾಕ್ಕೆ ಹೋಗುತ್ತೆ. ನಮ್ಮ ಭಾಷೆ ಹೊರದೇಶದಲ್ಲಿ ಇರೋ ಸ್ಥಿತಿಯೇ ಇದು, ಬೇರೆ ಊರಿನಲ್ಲೂ ನಿಮಗೆ ಹೀಗೇ ಆಗಬಹುದು.

ದೊಡ್ಡ ಅಂಕಿಯ ಆಸೆ

ಆಗ ಮನಸ್ಸು ದೊಡ್ಡ ವಾಲ್ಯೂಮ್ ಇರುವ ಪದಗಳ ಕಡೆ ಹೋಗುತ್ತದೆ. 'ಲ್ಯಾಂಗ್ವೇಜ್ ಕ್ಲಾಸಸ್ ನೈರೋಬಿ' ಅಂತ ಹಾಕೋಣವೇ? ಹುಡುಕುವವರು ಬಹಳ ಇರಬಹುದು, ಆದರೆ ಅವರು ಫ್ರೆಂಚ್, ಜರ್ಮನ್, ಕಿಸ್ವಾಹಿಲಿ ಕಲಿಯೋಕೆ ಹೊರಟವರು. ಒಂದು ಲೆಕ್ಕ ಮಾಡಿ ನೋಡೋಣ. ಕ್ಲಿಕ್‌ಗೆ 20 ಶಿಲಿಂಗ್ ಅಂದುಕೊಳ್ಳಿ. ದೊಡ್ಡ ಪದದಿಂದ 200 ಕ್ಲಿಕ್ ಬಂದು ಅದರಲ್ಲಿ ಒಬ್ಬರು ನಮ್ಮವರಾದರೆ ಒಂದು ಮಗುವಿಗೆ 4,000 ಶಿಲಿಂಗ್. ಸಣ್ಣ ಪದದಿಂದ 10 ಕ್ಲಿಕ್ ಬಂದು ಇಬ್ಬರು ಸೇರಿದರೆ ಒಂದು ಮಗುವಿಗೆ 100 ಶಿಲಿಂಗ್. ವಾಲ್ಯೂಮ್ ನೋಡಿ ಮೊದಲನೆಯದನ್ನು ಆರಿಸಿದರೆ ಸಂಘ ದಿವಾಳಿ.

ಇನ್ನು ಇದು ಕಿಸ್ವಾಹಿಲಿಯ ಊರು. ಕೀನ್ಯಾದ 2010ರ ಸಂವಿಧಾನದ ಪ್ರಕಾರ ಕಿಸ್ವಾಹಿಲಿ ರಾಷ್ಟ್ರಭಾಷೆ. ಇಂಗ್ಲಿಷ್ ಜೊತೆ ಅಧಿಕೃತ ಭಾಷೆಯೂ ಹೌದು. ಆ ಭಾಷೆಯಲ್ಲಿ 'ಮ್ಹಿಂದಿ' ಅಂದರೆ ಭಾರತೀಯ, 'ಕಿಹಿಂದಿ' ಅಂದರೆ ಹಿಂದಿ ಭಾಷೆ, 'ಮಹಿಂದಿ' ಅಂದರೆ ಮೆಕ್ಕೆಜೋಳ! ರಸ್ತೆ ಬದಿ ಕೆಂಡದ ಮೇಲೆ ಸುಟ್ಟು ಕೊಡೋ ಜೋಳ ತಿನ್ನೋವಾಗಲೆಲ್ಲ ಈ ಹೆಸರು ನಮಗೆ ನಗು ತರಿಸುತ್ತೆ. 'ಇಂಡಿಯನ್', 'ಹಿಂದಿ' ಅನ್ನುವ ಪದಗಳನ್ನು ಕಿಸ್ವಾಹಿಲಿಯಲ್ಲಿ ಬ್ರಾಡ್ ಆಗಿ ಹಾಕುವ ಮುಂಚೆ ಇಲ್ಲಿಯ ಗೆಳೆಯರನ್ನು ಒಂದು ಮಾತು ಕೇಳಿ. ಊಟದ ವ್ಯಾಪಾರದವರಿಗೂ ಇದೇ ಮಾತು: ಚಪಾತಿ, ಸಮೋಸ, ಪಿಲಾವ್ ಇಲ್ಲಿನ ಮನೆಮನೆಯ ಅಡುಗೆ. 'ಚಪಾತಿ' ಅಂತ ಹುಡುಕುವವರು ನಮ್ಮೂರಿನವರು ಅಂತ ಅಂದುಕೊಂಡರೆ ಕೆಟ್ಟಿರಿ. 'ಬಿಸಿಬೇಳೆಬಾತ್' ಅಂತ ಹುಡುಕುವವರು ಮಾತ್ರ ಖಂಡಿತ ನಮ್ಮವರು.

ಎರಡನೇ ಸಲ ನಾವು ಮಾಡಿದ್ದು

ಉಳಿದಿದ್ದ ದುಡ್ಡಿನಲ್ಲಿ ಮತ್ತೆ ಶುರು ಮಾಡಿದೆವು. ಬ್ರಾಡ್ ಪೂರ್ತಿ ತೆಗೆದೆವು. "ಕನ್ನಡ ಕ್ಲಾಸಸ್", "ಲರ್ನ್ ಕನ್ನಡ", "ಕನ್ನಡ ಟೀಚರ್" ಇವನ್ನು ಫ್ರೇಸ್ ಆಗಿ ಹಾಕಿದೆವು. ಕನ್ನಡ ಲಿಪಿಯಲ್ಲೇ ಎರಡು ಕೀವರ್ಡ್ ಸೇರಿಸಿದೆವು. ನೈರೋಬಿಯಲ್ಲಿ ಯಾರಾದರೂ ಕನ್ನಡ ಕೀಬೋರ್ಡ್ ತೆಗೆದು ಹುಡುಕಿದರೆ ಅವರಿಗಿಂತ ನಮ್ಮವರು ಬೇರೆ ಯಾರು? ಎಕ್ಸಾಕ್ಟ್‌ಗಳು ನಿದ್ದೆ ಮಾಡುತ್ತಿದ್ದವು, ಹಾಗೇ ಬಿಟ್ಟೆವು.

ಜಾಗದ ಆಯ್ಕೆಯಲ್ಲೂ ಒಂದು ಗುಂಡಿ ಇದೆ. ನೈರೋಬಿ ಅಂತ ಆರಿಸಿದರೂ, ತಾನಾಗಿ ಇರುವ ಆಯ್ಕೆ 'ಅಲ್ಲಿ ಇರುವವರು ಅಥವಾ ಆ ಜಾಗದಲ್ಲಿ ಆಸಕ್ತಿ ತೋರಿಸಿದವರು' ಅಂತ. ಬೆಂಗಳೂರಲ್ಲಿ ಕೂತು ಮಸಾಯಿ ಮಾರಾ ಪ್ರವಾಸಕ್ಕೆ ನೈರೋಬಿ ಹುಡುಕುವವರೂ ಇದರಲ್ಲಿ ಸೇರಬಹುದು. 'ಅಲ್ಲಿ ಇರುವವರು ಮಾತ್ರ' ಅಂತ ಬದಲಾಯಿಸಿ. ಆಗ ಇದ್ದ ಭಾಷೆಯ ಆಯ್ಕೆಯಲ್ಲಿ ನಾವು ಕನ್ನಡ ಒಂದನ್ನೇ ಹಾಕಲಿಲ್ಲ. ನಮ್ಮಲ್ಲಿ ಎಷ್ಟು ಜನರ ಫೋನ್ ಕನ್ನಡದಲ್ಲಿದೆ ಹೇಳಿ?

ಕೊನೆಗೆ, ಕನ್ನಡ ಅನ್ನುವ ಪದವೇ ಇಲ್ಲದ ಒಂದು ಸಣ್ಣ ಗುಂಪು ಮಾಡಿದೆವು: "ಸೌತ್ ಇಂಡಿಯನ್ ಲ್ಯಾಂಗ್ವೇಜ್", "ಇಂಡಿಯನ್ ಮದರ್ ಟಂಗ್ ಕ್ಲಾಸಸ್". ಇದರ ಮೇಲೆ ನಮಗೆ ನಂಬಿಕೆ ಇರಲಿಲ್ಲ, ಜಗಳವೂ ಆಯಿತು. ಪ್ಲಾನರ್‌ನಲ್ಲಿ ಇವಕ್ಕೂ ಅಡ್ಡಗೆರೆಯೇ. ಫ್ರೇಸ್ ಆಗಿ ಹಾಕಿ, ಒಂದು ತಿಂಗಳು ನೋಡೋಣ ಅಂತ ಬಿಟ್ಟೆವು.

ಎರಡು ತಿಂಗಳಲ್ಲಿ ಬಂದ ಕ್ಲಿಕ್‌ಗಳು ಬಹಳ ಕಡಿಮೆ. ವೀಸಾ ಕೇಳುವ ಕರೆಗಳು ನಿಂತವು. ಹೊಸದಾಗಿ ಮೂರು ಮನೆಗಳು ಬಂದವು, ನಾಲ್ಕು ಮಕ್ಕಳು. ಸಂಘದಲ್ಲಿ ಯಾರಿಗೂ ಈ ಮೂರು ಮನೆಗಳ ಪರಿಚಯ ಇರಲಿಲ್ಲ.

ಅವರು ಏನು ಟೈಪ್ ಮಾಡಿದ್ದರು?

ಸರ್ಚ್ ಟರ್ಮ್ಸ್ ಪಟ್ಟಿಯಲ್ಲಿ ಅಪರೂಪದ ಹುಡುಕಾಟ ಕಾಣದೇ ಇರಬಹುದು ಅಂದೆವಲ್ಲ, ಅದಕ್ಕೆ ಪರಿಹಾರ ಸುಲಭ: ಬಂದವರನ್ನೇ ಕೇಳೋದು. ಸೇರುವ ಫಾರಂನಲ್ಲಿ ಒಂದು ಸಾಲು ಸೇರಿಸಿದೆವು, "ಗೂಗಲ್‌ನಲ್ಲಿ ಏನಂತ ಹುಡುಕಿದಾಗ ನಾವು ಸಿಕ್ಕೆವು?"

ಒಬ್ಬ ಅಮ್ಮ ಬರೆದಿದ್ದರು: 'ಸೌತ್ ಇಂಡಿಯನ್ ಲ್ಯಾಂಗ್ವೇಜ್ ಟೀಚರ್ ನಿಯರ್ ಮಿ.' ನಮಗೆ ಆಶ್ಚರ್ಯ. "ಮೇಡಂ, ನೇರ ಕನ್ನಡ ಅಂತಾನೇ ಯಾಕೆ ಹುಡುಕಲಿಲ್ಲ?" ಅಂತ ಕೇಳಿದೆವು.

"ಅಯ್ಯೋ, ನೈರೋಬಿಯಲ್ಲಿ ಕನ್ನಡ ಕಲಿಸೋರು ಇರ್ತಾರೆ ಅಂತ ಯಾರಪ್ಪಾ ಅಂದ್ಕೋತಾರೆ? ತಮಿಳಿನವರೋ ತೆಲುಗಿನವರೋ ಯಾರಾದ್ರೂ ಸಿಕ್ಕಿದ್ರೆ, ಅವರ ಪರಿಚಯದಲ್ಲಿ ಕನ್ನಡದವರು ಇದ್ದಾರಾ ಅಂತ ಕೇಳೋಣ ಅಂತಿದ್ದೆ" ಅಂದರು. ಅವರ ಮಗಳಿಗೆ ಏಳು ವರ್ಷ. ತಿಪಟೂರಿನ ಅಜ್ಜಿ ವಿಡಿಯೊ ಕಾಲ್ ಮಾಡಿದಾಗ ಅಜ್ಜಿಯ ಮಾತು ಮಗುವಿಗೆ ಅರ್ಥವಾಗುತ್ತೆ, ಉತ್ತರ ಇಂಗ್ಲಿಷ್‌ನಲ್ಲಿ ಕೊಡುತ್ತೆ, ಅದು ಅಜ್ಜಿಗೆ ಅರ್ಥವಾಗಲ್ಲ. "ಅಮ್ಮ ಈಗೀಗ ಕಾಲ್ ಬೇಗ ಇಟ್ಟುಬಿಡ್ತಾರೆ" ಅಂದರು.

ನಾವು ಅಡ್ಡಗೆರೆ ನೋಡಿ 'ಯಾರೂ ಹುಡುಕ್ತಿಲ್ಲ, ಅಂದ್ರೆ ಯಾರಿಗೂ ಬೇಕಿಲ್ಲ' ಅಂತ ಲೆಕ್ಕ ಹಾಕಿದ್ದೆವು. ಸರ್ಚ್ ವಾಲ್ಯೂಮ್ ಜನ ಟೈಪ್ ಮಾಡಿದ್ದನ್ನು ಮಾತ್ರ ಎಣಿಸುತ್ತದೆ. ಸಿಗೋದೇ ಇಲ್ಲ ಅಂತ ಅಂದುಕೊಂಡಿದ್ದನ್ನು ಯಾರೂ ಟೈಪ್ ಮಾಡುವುದಿಲ್ಲ. ಶೂ, ಫೋನ್ ಮಾರುವವರಿಗೆ ಈ ವ್ಯತ್ಯಾಸ ಅಷ್ಟು ಮುಖ್ಯ ಅಲ್ಲದೇ ಇರಬಹುದು. ಹೊರದೇಶದಲ್ಲಿ ಸಣ್ಣ ಸಮುದಾಯದ ಭಾಷೆ ಕಲಿಸುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ನೆನಪಿಟ್ಟುಕೊಳ್ಳೋಕೆ

ನಿಮ್ಮ ಊರಲ್ಲಿ ಆ್ಯಡ್ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ:

1. ದುಡ್ಡು ಕಡಿಮೆ ಇದ್ದರೆ ಫ್ರೇಸ್‌ನಿಂದ ಶುರು ಮಾಡಿ. ಚಿಹ್ನೆ ಹಾಕದ ಕೀವರ್ಡ್ ಬ್ರಾಡ್ ಆಗುತ್ತೆ, ಮರೆಯಬೇಡಿ.

2. ಆ್ಯಡ್ ಚಾಲೂ ಆಗುವ ಮುಂಚೆಯೇ ನೆಗೆಟಿವ್ ಪಟ್ಟಿ ತಯಾರಿರಲಿ. ಏಕವಚನ, ಬಹುವಚನ ಎರಡೂ ಬರೆಯಿರಿ.

3. ಮೊದಲ ವಾರ ದಿನಾ ಸರ್ಚ್ ಟರ್ಮ್ಸ್ ನೋಡಿ. ನಮ್ಮ ಹಾಗೆ ಫೋನ್ ಬರುವವರೆಗೂ ಕಾಯಬೇಡಿ.

4. 'ಅಲ್ಲಿ ಇರುವವರು ಮಾತ್ರ' ಅನ್ನುವ ಜಾಗದ ಆಯ್ಕೆ.

5. ವಾಲ್ಯೂಮ್ ಅಡ್ಡಗೆರೆ ತೋರಿಸಿದರೆ ಕೈಬಿಡಬೇಡಿ. ನಿಮ್ಮ ಭಾಷೆಯ ಹೆಸರು ಹೇಳದೆ ಅದನ್ನು ಹುಡುಕುವವರು ಏನಂತ ಹುಡುಕಬಹುದು ಅಂತ ಯೋಚಿಸಿ.

6. ಬಂದವರನ್ನು ಕೇಳಿ. ಅವರ ಮಾತೇ ಮುಂದಿನ ಕೀವರ್ಡ್.

7. ವಾಟ್ಸಾಪ್ ಗುಂಪು, ದೇವಸ್ಥಾನದ ನೋಟಿಸ್ ಬೋರ್ಡ್, ಡೈಮಂಡ್ ಪ್ಲಾಜಾದ ದಿನಸಿ ಅಂಗಡಿಯ ಗೋಡೆ ಇವನ್ನು ಬಿಡಬೇಡಿ. ನಮ್ಮ ಹತ್ತು ಮಕ್ಕಳಲ್ಲಿ ಆರು ಬಂದಿದ್ದು ವಾಟ್ಸಾಪ್‌ನಿಂದಲೇ. ಆ್ಯಡ್ ಇರೋದು ಆ ಗುಂಪಿನ ಹೊರಗಿರುವವರಿಗೆ.

ಖಜಾಂಚಿಗೆ ಲೆಕ್ಕ ಒಪ್ಪಿಸಿದಾಗ ಸ್ವಲ್ಪ ದುಡ್ಡು ಉಳಿದಿತ್ತು, ಸಂಕ್ರಾಂತಿಗೆ ಎಳ್ಳುಬೆಲ್ಲವೂ ಆಯಿತು. ತಿಪಟೂರಿನ ಅಜ್ಜಿಗೆ ಮೊಮ್ಮಗಳು ಹಬ್ಬದ ದಿನ "ಅಜ್ಜಿ, ಊಟ ಆಯ್ತಾ?" ಅಂತ ಕೇಳಿದಳಂತೆ. ಅಷ್ಟೇ ಹೇಳೋಕೆ ಬಂದಿದ್ದು, ಮುಂದಿನದಕ್ಕೆ ಮತ್ತೆ ಇಂಗ್ಲಿಷ್. ಆದರೆ ಅಜ್ಜಿ ಅವತ್ತು ಕಾಲ್ ಬೇಗ ಇಡಲಿಲ್ಲವಂತೆ.

ನಿಮ್ಮ ಊರಿನ ಸಂಘಕ್ಕೆ ಈ ಪಟ್ಟಿ ಬೇಕಿದ್ದರೆ, ನೆಗೆಟಿವ್ ಪದಗಳ ಸಮೇತ ಕಳಿಸಿಕೊಡ್ತೀವಿ. ನಿಮ್ಮೂರಲ್ಲಿ ಕನ್ನಡಕ್ಕೆ ಏನೇನು ಅಡ್ಡಹೆಸರು ಬಂತು ಅಂತ ನೀವೂ ಬರೆದು ತಿಳಿಸಿ.